ಈ ಸಲ ಯಾವ ಊರು?

ನವೆಂಬರ್ ಬಂತೆಂದರೆ ನಮ್ಮ ಓದುಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಪುಸ್ತಕದ ಮಾತು ನಿಂತು ಊರಿನ ಮಾತು ಶುರುವಾಗುತ್ತದೆ. ತಿಂಗಳಿಗೊಂದು ಕನ್ನಡ ಪುಸ್ತಕ ಓದಿ, ಕೊನೆಯ ಭಾನುವಾರ ರಾತ್ರಿ ವಿಡಿಯೊ ಕರೆಯಲ್ಲಿ ಕೂತು ಹರಟುವ 25 ಜನ ನಾವು. ಎದುರುಬದುರು ಸೇರುವುದು ವರ್ಷಕ್ಕೊಮ್ಮೆ ಮಾತ್ರ, ಎರಡು ದಿನ. ಎಲ್ಲಿ ಸೇರುವುದು ಎಂಬ ಪ್ರಶ್ನೆಗೆ ಮೂರು ವರ್ಷವೂ ಒಂದೇ ಉತ್ತರ ಬಂದಿತ್ತು: ಬೆಂಗಳೂರು.

ಅದರಲ್ಲಿ ಯಾರ ಮೋಸವೂ ಇಲ್ಲ. ನಮ್ಮಲ್ಲಿ 13 ಜನ ಬೆಂಗಳೂರಿನವರು. ದೆಹಲಿ ಸುತ್ತಮುತ್ತ ನಾವು 5 ಜನ, ಪುಣೆಯಲ್ಲಿ 3, ಹೈದರಾಬಾದಿನಲ್ಲಿ 2, ಕಾಸರಗೋಡಿನಲ್ಲಿ ಒಬ್ಬರು, ಸೊಲ್ಲಾಪುರದಲ್ಲಿ ಒಬ್ಬರು. ಮತ ಹಾಕಿದರೆ ಫಲಿತಾಂಶ ಮೊದಲೇ ಗೊತ್ತು. ಬಸವನಗುಡಿಯ ಸದಸ್ಯರೊಬ್ಬರ ಮನೆಯ ಮಹಡಿ, ಮಧ್ಯಾಹ್ನ ಬಾಳೆಎಲೆ ಊಟ, ಸಂಜೆ ಗಾಂಧಿ ಬಜಾರಿನಲ್ಲಿ ಒಂದು ಸುತ್ತು. ಹೋದವರಿಗೆಲ್ಲ ಖುಷಿಯೇ.

ಈ ವರ್ಷ ಲಕ್ಷ್ಮೀ ನಗರದ ನನ್ನ ಎರಡನೇ ಮಹಡಿಯ ಮನೆಯಲ್ಲಿ ದೆಹಲಿಯ ಐವರೂ ಚಹಾಕ್ಕೆ ಸೇರಿದ್ದಾಗ ಮಾತು ಬೇರೆ ದಾರಿ ಹಿಡಿಯಿತು. ಕೆಳಗೆ ವಿಕಾಸ್ ಮಾರ್ಗದಲ್ಲಿ ಸಿ.ಎ. ಕೋಚಿಂಗ್ ಬಿಟ್ಟ ಹುಡುಗರ ಗದ್ದಲ. ದ್ವಾರಕಾದಿಂದ ಬಂದಿದ್ದ ಗೆಳತಿ ಕಪ್ ಕೆಳಗಿಟ್ಟು, ‘ಈ ಸಲವೂ ಬೆಂಗಳೂರೇ ಆದ್ರೆ ನಾನು ಗುಂಪಿನಿಂದಲೇ ಹೊರಗೆ. ಸಿಟ್ಟಲ್ಲ ಮಾರಾಯಾ. ವರ್ಷಾ ಎರಡು ರಜೆ, ಹನ್ನೆರಡು ಸಾವಿರ ರೂಪಾಯಿ, ಅಲ್ಲಿ ಹೋದ್ಮೇಲೆ ನಾವು ನೆಂಟರು, ಅವರು ಮನೆಯವರು’ ಎಂದಳು. ಇನ್ನೊಬ್ಬರು ಏನೂ ಹೇಳಲಿಲ್ಲ. ಆದರೆ ಅವರು ಎರಡು ತಿಂಗಳಿನಿಂದ ಕರೆಗೇ ಬಂದಿರಲಿಲ್ಲ.

ನಾನು ಎಂಜಿನಿಯರು. ಮನುಷ್ಯರ ಬೇಸರ ಕಂಡರೆ ಸ್ಪ್ರೆಡ್‌ಶೀಟ್ ತೆರೆಯುವ ಜಾತಿ. ‘ಮತ ಬೇಡ, ಲೆಕ್ಕ ಹಾಕೋಣ’ ಎಂದು ಗುಂಪಿನಲ್ಲಿ ಬರೆದೆ. ಎಂ.ಟೆಕ್.ನಲ್ಲಿ ಓದಿದ್ದ ಹಳೆಯ ಸಮಸ್ಯೆಯೇ ಇದು: ಹಲವು ಕಡೆ ಹರಡಿದ ಜನರಿಗೆ ಒಂದು ಗೋದಾಮು, ಒಂದು ಆಸ್ಪತ್ರೆ ಅಥವಾ ಒಂದು ಅಗ್ನಿಶಾಮಕ ಠಾಣೆ ಎಲ್ಲಿ ಕಟ್ಟಬೇಕು?

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಎಲ್ಲರೂ ಪ್ರಯಾಣಿಸುವ ಒಟ್ಟು ದೂರ ಅತಿ ಕಡಿಮೆ ಆಗುವ ಜಾಗ ಹುಡುಕುವುದು. ಗೋದಾಮಿಗೆ ಇದು ಸರಿ. ನಮ್ಮ ಗುಂಪಿಗೆ ಹಚ್ಚಿದೆ, ಬೆಂಗಳೂರು ಬಂತು. ದೂರಗಳನ್ನು ತಿದ್ದಿ ನೋಡಿದೆ, ಮತ್ತೆ ಬೆಂಗಳೂರೇ. ಆಮೇಲೆ ತಲೆಗೆ ಹೊಳೆಯಿತು, ಇದಕ್ಕೆ ಲೆಕ್ಕವೇ ಬೇಕಿರಲಿಲ್ಲ. ಸಭೆಯನ್ನು ಬೆಂಗಳೂರಿನಿಂದ ಒಂದು ಕಿಲೋಮೀಟರ್ ಆಚೆ ಸರಿಸಿದರೆ 13 ಜನರಿಗೆ ಒಂದೊಂದು ಕಿಲೋಮೀಟರ್ ಹೆಚ್ಚುತ್ತದೆ. ಉಳಿದ 12 ಜನರಿಗೆ ಹೆಚ್ಚೆಂದರೆ ಒಂದೊಂದು ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಜನ ಒಂದೇ ಊರಿನಲ್ಲಿದ್ದರೆ ಈ ಲೆಕ್ಕದಲ್ಲಿ ಆ ಊರೇ ಗೆಲ್ಲುತ್ತದೆ. ಉಳಿದವರು ದೆಹಲಿಯಲ್ಲಿರಲಿ, ಡೆಟ್ರಾಯಿಟ್‌ನಲ್ಲಿರಲಿ, ಉತ್ತರ ಬದಲಾಗುವುದಿಲ್ಲ. ನಾನು ಗಣಿತದ ಹೆಸರಿನಲ್ಲಿ ಅದೇ ಮತಪೆಟ್ಟಿಗೆಯನ್ನು ಮತ್ತೆ ತಂದಿಟ್ಟಿದ್ದೆ.

ಎರಡನೆಯ ದಾರಿ ಅಗ್ನಿಶಾಮಕ ಠಾಣೆಯದು. ಒಟ್ಟು ಎಷ್ಟಾದರೂ ಆಗಲಿ, ಅತಿ ದೂರದಲ್ಲಿರುವವನ ದೂರ ಆದಷ್ಟು ಕಡಿಮೆ ಇರಬೇಕು. ಅದನ್ನೂ ಹಾಕಿದೆ. ಉತ್ತರ ಭುಸಾವಳದ ಆಸುಪಾಸು ಬಂತು. ದೊಡ್ಡ ರೈಲ್ವೆ ಜಂಕ್ಷನ್, ಸುತ್ತ ಬಾಳೆತೋಟ. ನಮ್ಮವರು ಅಲ್ಲಿ ಒಬ್ಬರೂ ಇಲ್ಲ. ‘ಎಲ್ರಿಗೂ ಸಮಾನ ಕಷ್ಟ, ಭೇಷ್’ ಎಂದು ಬೆಂಗಳೂರಿನವರು ನಗುವ ಮುಖಗಳನ್ನು ಸುರಿದರು.

ಮೂರನೆಯದಾಗಿ ನಾನು ಸ್ವಲ್ಪ ಕಳ್ಳಾಟ ಆಡಿದೆ, ಒಪ್ಪಿಕೊಳ್ಳುತ್ತೇನೆ. ದೂರದ ಜತೆಗೆ ‘ಪುಸ್ತಕದ ವಾತಾವರಣ’ ಎಂದೊಂದು ಕಾಲಂ ಸೇರಿಸಿದೆ. ದೆಹಲಿಯಲ್ಲಿ ವಿಶ್ವ ಪುಸ್ತಕ ಮೇಳವಿದೆ, ಮಹಿಳಾ ಹಾಟ್‌ನ ಭಾನುವಾರದ ಹಳೇ ಪುಸ್ತಕ ಬಜಾರಿದೆ ಎಂದು ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ದೆಹಲಿ ಗೆದ್ದಿತು. ಪುಣೆಯ ಗೆಳೆಯ ಐದೇ ನಿಮಿಷದಲ್ಲಿ ಹಿಡಿದ. ‘ಕಾಲಂ ಸೇರಿಸೋನು ನೀನೇ ಆದ್ರೆ ಊರು ಆರಿಸೋನೂ ನೀನೇ. ನಾನು ಇಡ್ಲಿ ಅಂತ ಒಂದು ಕಾಲಂ ಸೇರಿಸ್ಲಾ?’ ಎಂದು ಕೇಳಿದ. ಆ ಕಾಲಂ ಅಳಿಸಿದೆ.

ಅದನ್ನು ಅಳಿಸುವಾಗಲೇ ಇನ್ನೊಂದು ದೋಷ ಕಣ್ಣಿಗೆ ಬಿತ್ತು. ಯಾರ ಮಾತಿಗೆ ಎಷ್ಟು ತೂಕ ಎಂದು ಹಾಕುವಾಗ ಹಿಂದಿನ ಹಾಜರಿ ನೋಡಿ ಅಂಕ ಕೊಟ್ಟಿದ್ದೆ. ಮೂರು ಸಲವೂ ಬಂದವರಿಗೆ 3, ಒಮ್ಮೆ ಬಂದವರಿಗೆ 1. ಬರುವವರಿಗಾಗಿ ತಾನೇ ಸಭೆ ಎಂಬ ತರ್ಕ. ಸೊಲ್ಲಾಪುರದ ಸಾಲಿನಲ್ಲಿ ಸೊನ್ನೆ ಇತ್ತು. ಬೆಂಗಳೂರಾದ್ದರಿಂದ ಅವರು ಬಂದಿರಲಿಲ್ಲ. ಬಂದಿಲ್ಲವಾದ್ದರಿಂದ ಅವರಿಗೆ ತೂಕವಿರಲಿಲ್ಲ. ತೂಕವಿಲ್ಲದ್ದರಿಂದ ಮತ್ತೆ ಬೆಂಗಳೂರು.

ಆ ಸೊನ್ನೆ ನಮ್ಮ ಅಕ್ಕೋರದು. ಸೊಲ್ಲಾಪುರದ ಕಡೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾವೆಲ್ಲ ಮುನ್ನುಡಿ ಓದಿ ಕರೆಗೆ ಬಂದರೆ, ಅವರು ಪುಸ್ತಕ ಎರಡು ಸಲ ಓದಿ, ನೋಟುಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾರೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಅದೇ ಕೋಣೆಯಲ್ಲಿ ಮಲಗಿರುತ್ತಾರೆಂದು ದೀಪ ಹಾಕದೆ, ಕ್ಯಾಮೆರಾ ತೆರೆಯದೆ, ಮೆಲ್ಲಗೆ ಮಾತಾಡುತ್ತಾರೆ. ಮೂರು ವರ್ಷದಲ್ಲಿ ಅವರ ಮುಖವನ್ನು ನಾನು ಸರಿಯಾಗಿ ನೋಡಿಲ್ಲ. ಯಾವ ಊರು ಎಂದು ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: ‘ಎಲ್ಲಿ ಆದ್ರೂ ನಡೀತದ್ರಿ.’

ಅಂದು ರಾತ್ರಿ ಸ್ಪ್ರೆಡ್‌ಶೀಟ್ ಮುಚ್ಚಿ, ಇದೇ ತಲೆನೋವನ್ನು ನಮಗಿಂತ ಬಹಳ ಮೊದಲು, ಬಹಳ ದೊಡ್ಡದಾಗಿ ಅನುಭವಿಸಿದವರ ಪಟ್ಟಿ ತೆರೆದೆ. ಅದು ಕನ್ನಡ ಸಾಹಿತ್ಯ ಸಮ್ಮೇಳನಗಳ ಪಟ್ಟಿ. ಅಧ್ಯಕ್ಷರ ಹೆಸರುಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆಂದು ಎಲ್ಲರೂ ಉರು ಹೊಡೆದಿರುತ್ತೇವೆ. ಈ ಸಲ ಊರುಗಳನ್ನು ಮಾತ್ರ ಓದಿದೆ.

ಪರಿಷತ್ತು ಹುಟ್ಟಿದ್ದು 1915ರಲ್ಲಿ, ಬೆಂಗಳೂರಿನಲ್ಲಿ. ಮೊದಲ ಎರಡು ಸಮ್ಮೇಳನ ಅಲ್ಲೇ ನಡೆದವು. ಮೂರನೆಯದು 1917ರಲ್ಲಿ ಮೈಸೂರಿನಲ್ಲಿ. ಸಂಸ್ಥಾನದ ಬೆಂಬಲವಿದ್ದ ಪರಿಷತ್ತು ಸಂಸ್ಥಾನದೊಳಗೇ ಸುತ್ತಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ 1918ರಲ್ಲಿ ಸಮ್ಮೇಳನ ಧಾರವಾಡಕ್ಕೆ ಹೋಯಿತು. ಅದು ಆಗ ಮುಂಬೈ ಪ್ರಾಂತದ ಊರು. 1920ರಲ್ಲಿ ಹೊಸಪೇಟೆ, ಅದು ಮದ್ರಾಸ್ ಪ್ರಾಂತ. 1928ರಲ್ಲಿ ಕಲಬುರಗಿ, ನಿಜಾಮರ ಆಳ್ವಿಕೆ, ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯ. 1932ರಲ್ಲಿ ಮಡಿಕೇರಿ, ಕೊಡಗಿನ ಪ್ರತ್ಯೇಕ ಆಡಳಿತ, ಅಧ್ಯಕ್ಷರು ಡಿ.ವಿ.ಜಿ. 1937ರಲ್ಲಿ ಜಮಖಂಡಿ, ಅದೂ ಬೇರೆಯೇ ಸಂಸ್ಥಾನ. ಏಕೀಕರಣವಾದದ್ದು 1956ರಲ್ಲಿ. ಆದರೆ ಕನ್ನಡಿಗರು ಹರಿದು ಹಂಚಿಹೋಗಿದ್ದ ಎಲ್ಲ ಆಡಳಿತಗಳ ನೆಲವನ್ನೂ ಸಮ್ಮೇಳನ ಅಷ್ಟರಲ್ಲಿ ಮೆಟ್ಟಿಬಂದಿತ್ತು. ಆಳುವವರು ನಕ್ಷೆ ಬರೆಯುವ ಮುಂಚೆಯೇ, ಪ್ರತಿ ವರ್ಷ ಊರು ಆರಿಸುತ್ತ ಆರಿಸುತ್ತ ಓದುವವರು, ಬರೆಯುವವರು ಒಂದು ನಕ್ಷೆ ಬರೆದಿದ್ದರು.

ಅವರು ಹೊರಗೂ ಹೋದರು. 1935ರಲ್ಲಿ ಮುಂಬೈ, 1941ರಲ್ಲಿ ಹೈದರಾಬಾದ್, 1945ರಲ್ಲಿ ಮದ್ರಾಸ್. 1948ರಲ್ಲಿ ಕಾಸರಗೋಡು. 1950ರಲ್ಲಿ ಸೊಲ್ಲಾಪುರ. ಮರುವರ್ಷ ಮತ್ತೆ ಮುಂಬೈ; ಮಂಜೇಶ್ವರದ ಗೋವಿಂದ ಪೈ ಆಗ ಅಧ್ಯಕ್ಷರು. 1978ರಲ್ಲಿ, ಜಿ.ಪಿ. ರಾಜರತ್ನಂ ಅಧ್ಯಕ್ಷತೆಯಲ್ಲಿ, ಸಮ್ಮೇಳನ ನಮ್ಮ ದೆಹಲಿಗೂ ಬಂತು. ಅಲ್ಲಿಂದ ಈಚೆಗೆ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕರ್ನಾಟಕದ ಗಡಿ ದಾಟಿಲ್ಲ. ಕಾರಣಗಳಿರಬಹುದು. ಈಗಿನ ಸಮ್ಮೇಳನದ ಗಾತ್ರ, ಖರ್ಚು, ಸರ್ಕಾರದ ಅನುದಾನ, ಲಕ್ಷಾಂತರ ಜನ. ಆದರೆ 25 ಜನರ ಗುಂಪಿಗೆ ಆ ನೆಪ ಇಲ್ಲ.

ಸೊಲ್ಲಾಪುರದ ಹೆಸರಿನ ಮೇಲೆ ಕಣ್ಣು ನಿಂತಿತು. ಚಾದರ, ಶೇಂಗಾ ಚಟ್ನಿ ಬಿಟ್ಟರೆ ನನಗೆ ಆ ಊರು ಕರ್ನಾಟಕ ಎಕ್ಸ್‌ಪ್ರೆಸ್ಸಿನ ಒಂದು ನಿಲ್ದಾಣ ಮಾತ್ರ ಆಗಿತ್ತು. ಹನ್ನೆರಡನೇ ಶತಮಾನದ ಸಿದ್ಧರಾಮನ ಸೊನ್ನಲಿಗೆ ಅದೇ ಎಂದು ಪಠ್ಯದಲ್ಲಿ ಓದಿದ್ದೆ, ಮರೆತಿದ್ದೆ. ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ, 1974ರ ಮಂಡ್ಯದ ಜಯದೇವಿತಾಯಿ ಲಿಗಾಡೆ, ಸೊಲ್ಲಾಪುರದವರು. ಸಿದ್ಧರಾಮನ ಬದುಕನ್ನು ತ್ರಿಪದಿಯಲ್ಲಿ ಕಾವ್ಯವಾಗಿ ಬರೆದವರು, ವಚನಗಳನ್ನು ಮರಾಠಿಗೆ ಒಯ್ದವರು. ಆ ಊರಿನಿಂದ ಮಂಡ್ಯದವರೆಗೆ ಒಬ್ಬರು ಬಂದಿದ್ದರು. ನಾವು ಮೂರು ವರ್ಷದಿಂದ ಆ ಊರಿನ ಒಬ್ಬರಿಗೆ ‘ಬನ್ನಿ’ ಎಂದಷ್ಟೇ ಹೇಳುತ್ತಿದ್ದೆವು.

ಮರುದಿನ ಅಕ್ಕೋರಿಗೆ ನೇರವಾಗಿ ಫೋನ್ ಮಾಡಿದೆ. ಸೊಲ್ಲಾಪುರದಲ್ಲಿ ಸೇರಿದರೆ ಹೇಗೆ? ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ನನ್ನೊಬ್ಬಾಕಿ ಸಲುವಾಗಿ ಇಷ್ಟ ಮಂದಿ ಎದ್ದು ಬರಬೇಕೇನ್ರಿ?’

‘ಅಕ್ಕೋರೇ, ಮೂರು ವರ್ಷ ನೀವು ಯಾಕೆ ಒಮ್ಮೆಯೂ ಕೇಳಲಿಲ್ಲ?’

‘ಕೇಳಿದ್ರ ನೀವು ಇಲ್ಲ ಅಂತಿದ್ದಿಲ್ಲ. ಅದಕ್ಕ ಕೇಳಲಿಲ್ಲ.’

ಭಾನುವಾರದ ಕರೆಯಲ್ಲಿ ಪ್ರಸ್ತಾಪ ಇಟ್ಟೆ. ಸುಲಭವಾಗಿ ಒಪ್ಪಿಗೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಂಗಳೂರಿನ ಹಿರಿಯರೊಬ್ಬರು ಗಟ್ಟಿಯಾಗಿಯೇ ಕೇಳಿದರು, ‘ಹದಿಮೂರು ಜನ ಅಲ್ಲಾಡಬೇಕು ಒಬ್ಬರಿಗಾಗಿ? ನನಗೆ ಮಂಡಿನೋವು, ರೈಲಿನಲ್ಲಿ ರಾತ್ರಿ ಕಳೆಯೋಕೆ ಆಗಲ್ಲ. ಈಗ ನನ್ನ ತೂಕ ಸೊನ್ನೆಯಾಗಲಿಲ್ಲವೇ?’ ಅವರ ಮಾತು ತಪ್ಪಲ್ಲ. ಯಾವ ಊರು ಆರಿಸಿದರೂ ಯಾರೋ ಒಬ್ಬರು ಹೊರಗೆ ಉಳಿಯುತ್ತಾರೆ. ಪ್ರತಿ ವರ್ಷವೂ ಅವರೇ ಉಳಿಯಬಾರದು ಎಂಬುದಷ್ಟೇ ನನ್ನ ವಾದವಾಗಿತ್ತು.

ಕೊನೆಗೆ ಮೂರು ನಿಯಮ ಮಾಡಿಕೊಂಡೆವು. ಬೇರೆ ಗುಂಪಿನವರಿಗೆ ಉಪಯೋಗವಾದರೆ ಆಗಲಿ ಎಂದು ಬರೆಯುತ್ತಿದ್ದೇನೆ. ಒಂದು, ಸತತ ಎರಡು ವರ್ಷ ಒಂದೇ ಊರಿಲ್ಲ. ಎರಡು, ಬರುವವರೆಲ್ಲರ ಪ್ರಯಾಣದ ಖರ್ಚು ಒಟ್ಟುಗೂಡಿಸಿ ಸಮನಾಗಿ ಹಂಚುವುದು, ಥ್ರೀ ಟಯರ್ ಎ.ಸಿ. ದರದ ಮಿತಿಯಲ್ಲಿ. ಹೀಗಾದರೆ ಹತ್ತಿರದ ಊರಿನವರಿಗೆ ಪುಕ್ಕಟೆ, ದೂರದವರಿಗೆ ದಂಡ ಎಂಬುದು ಇರುವುದಿಲ್ಲ. ಊರಿನ ಚರ್ಚೆಯಿಂದ ಜೇಬು ಹೊರಗೆ ಹೋಗುತ್ತದೆ. ಮೂರು, ಪುಸ್ತಕ ಆರಿಸುವುದು ಆ ಊರಿನವರು. ಮಂಡಿನೋವಿನ ಹಿರಿಯರು ಎರಡನೆಯ ನಿಯಮಕ್ಕೆ, ತಾವು ಬರದಿದ್ದರೂ ತಮ್ಮ ಪಾಲು ಕೊಡುವುದಾಗಿ ಹೇಳಿದರು. ಮುಂದಿನ ವರ್ಷ ಸಭೆ ಅವರ ಮಹಡಿಯಲ್ಲೇ.

ಬೆಂಗಳೂರು–ದೆಹಲಿ ನಡುವಿನ ಸುಮಾರು 2,400 ಕಿಲೋಮೀಟರ್‌ನಲ್ಲಿ ಮೂರರಲ್ಲಿ ಎರಡು ಪಾಲು ದಾರಿ ನಾವು ದೆಹಲಿಯವರೇ ಸವೆಸಬೇಕು. ಬೆಂಗಳೂರಿನವರಿಗೆ ಒಂದು ರಾತ್ರಿ, ನಮಗೆ ಒಂದು ರಾತ್ರಿ ಮತ್ತು ಪೂರ್ತಿ ಒಂದು ಹಗಲು. ಆದರೂ ದ್ವಾರಕಾದ ಗೆಳತಿ ಗುಂಪು ಬಿಡುವ ಮಾತು ಎತ್ತಿಲ್ಲ. ‘ಅಲ್ಲಿ ಎಲ್ರೂ ನೆಂಟರೇ ಅಲ್ವಾ’ ಎಂದಳು. ಕರೆಗೆ ಬಾರದೆ ಹೋದವರು ಮಾತ್ರ ಇನ್ನೂ ಬಂದಿಲ್ಲ. ಅವರನ್ನು ಕಳೆದುಕೊಳ್ಳುವ ಮುಂಚೆ ಈ ಯೋಚನೆ ಬರಬೇಕಿತ್ತು.

ನಷ್ಟವನ್ನೂ ಹೇಳಬೇಕು. ಕಳೆದ ವರ್ಷ ಬೆಂಗಳೂರಿಗೆ 16 ಜನ ಬಂದಿದ್ದರು. ಈಗ ಸೊಲ್ಲಾಪುರಕ್ಕೆ ಹೆಸರು ಕೊಟ್ಟವರು 11. ನನ್ನ ಮೊದಲ ಸ್ಪ್ರೆಡ್‌ಶೀಟ್ ಇದನ್ನು ಸೋಲು ಎಂದೇ ತೋರಿಸುತ್ತದೆ. ಆದರೆ ಆ 11ರಲ್ಲಿ ನಾಲ್ವರು ಹಿಂದೆ ಒಮ್ಮೆಯೂ ಬಂದವರಲ್ಲ.

ಫೆಬ್ರವರಿ ಎಂದು ಗೊತ್ತಾಗಿದೆ. ಜನವರಿ ಬೇಡವೆಂದವರು ಅಕ್ಕೋರೇ: ‘ಸಂಕ್ರಾಂತಿಗೆ ಸಿದ್ಧರಾಮನ ಜಾತ್ರಿ ಇರ್ತದ, ಲಾಡ್ಜ್ ಸಿಗೂದಿಲ್ಲ.’ ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ನನ್ನ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ಕಳೆದ ವಾರದ ಕರೆಯಲ್ಲಿ ಅಕ್ಕೋರು ಪುಸ್ತಕ ಯಾವುದೆಂದು ಇನ್ನೂ ಹೇಳಲಿಲ್ಲ. ಎಷ್ಟು ಜನ ಎಣ್ಣೆಗಾಯಿ ತಿನ್ನುತ್ತಾರೆ, ಯಾರಿಗೆ ಖಾರ ಆಗದು ಎಂದು ಒಬ್ಬೊಬ್ಬರನ್ನೇ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಹಿಂದೆ ಯಾರೋ ಕೆಮ್ಮಿದ ಸದ್ದು ಕೇಳಿತು. ‘ಅತ್ತಿ ಎದ್ರು, ತಡೀರಿ’ ಎಂದು ದೀಪ ಹಾಕಿದರು. ಅಂದು ಕ್ಯಾಮೆರಾ ತೆರೆದೇ ಇತ್ತು.