ಗೆಜ್ಜೆ ಕಟ್ಟಿದ ನಿಲುವಂಗಿ

2011ರಲ್ಲಿ ಜೆರುಸಲೇಮಿನ ಹಳೆಯ ಬೀದಿಯಡಿಯ ಚರಂಡಿಯಲ್ಲಿ ಕೆಸರು ಬಗೆಯುತ್ತಿದ್ದ ಪುರಾತತ್ವಜ್ಞರಿಗೆ ಏನು ಸಿಕ್ಕಿತು ಗೊತ್ತೆ? ಚಿನ್ನದ ಪುಟ್ಟ ಗೆಜ್ಜೆ! ಬಟ್ಟೆಗೆ ಹೊಲಿಯಲು ಅದಕ್ಕೊಂದು ಕೊಂಡಿ. ಅಲ್ಲಾಡಿಸಿದರೆ, ಎರಡು ಸಾವಿರ ವರ್ಷಗಳ ನಂತರವೂ ದನಿ! ಯಾರ ಉಡುಪಿನದೆಂದು ಆಣೆಯಿಟ್ಟು ಹೇಳುವಂತಿಲ್ಲ, ನಿಜ. ಆದರೆ ಬೈಬಲಿನ ವಿಮೋಚನಕಾಂಡದ 28ನೆಯ ಅಧ್ಯಾಯ ಓದಿದವರಿಗೆ ಮೈ ಜುಮ್ಮೆನ್ನದಿರುತ್ತದೆಯೆ?

ಅಲ್ಲಿ ಯೆಹೂದ್ಯರ ಮಹಾಯಾಜಕನ ನೀಲಿ ನಿಲುವಂಗಿಯ ಅಂಚಿನಲ್ಲಿ ಒಂದು ಚಿನ್ನದ ಗೆಜ್ಜೆ, ಒಂದು ನೂಲಿನ ದಾಳಿಂಬೆ, ಮತ್ತೆ ಗೆಜ್ಜೆ, ಮತ್ತೆ ದಾಳಿಂಬೆ. ಅವನು ದೇವಸನ್ನಿಧಿಗೆ ಹೋಗುವಾಗ, ಬರುವಾಗ ಆ ಸದ್ದು ಕೇಳಿಸಲೇಬೇಕು, ಇಲ್ಲದಿದ್ದರೆ ಸಾವು! ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದಿನ ರಬ್ಬಿಗಳಂತೂ (ಧರ್ಮಗುರುಗಳು) ಈ ಅಂಗಿ ಚಾಡಿಮಾತಿನ ಪಾಪಕ್ಕೆ ಪ್ರಾಯಶ್ಚಿತ್ತ ಎಂದರು. ಸದ್ದಿನಿಂದಾದ ಪಾಪವನ್ನು ಸದ್ದೇ ಕಳೆಯಲಿ ಎಂಬ ತರ್ಕ. ಎಂಥ ಚೆಂದ!

ಇನ್ನು ಆ ನೀಲಿ. ಅದು ಬಂದದ್ದು ಮೆಡಿಟರೇನಿಯನ್ ಕಡಲಿನ ಬಸವನಹುಳುವಿನಿಂದ ಎಂದು ಬಹುತೇಕ ವಿದ್ವಾಂಸರು ನಂಬುತ್ತಾರೆ. ಹುಳುವಿನ ರಸ ಕೊಡುವುದು ನೇರಳೆ, ನೀಲಿಯಾಗುವುದು ಹೇಗೆ? 1980ರ ದಶಕದಲ್ಲಿ ಒಟ್ಟೊ ಎಲ್ಸ್ನರ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಕೊಂಡ ಉತ್ತರ: ಬಣ್ಣದ ದ್ರಾವಣವನ್ನು ಬಿಸಿಲಿಗಿಟ್ಟರೆ ಸಾಕು! ಆಕಾಶದ ಬಣ್ಣವನ್ನು ಆಕಾಶದ ಬೆಳಕೇ ಬಿಡಿಸಿಕೊಡುತ್ತದೆ.

ನಿಲುವಂಗಿಯ ಮೇಲೆ ತೊಡುವ ಏಫೋದು ಎಂಬ ಉಡುಪಿಗೆ ಬಳಸಿದ ಚಿನ್ನವೂ ಬರಿಯ ಒಡವೆಯಲ್ಲ. ತಗಡಾಗುವವರೆಗೆ ಬಡಿದು, ಎಳೆ ಎಳೆಯಾಗಿ ಕತ್ತರಿಸಿ, ನೀಲಿ, ನೇರಳೆ, ಕಡುಗೆಂಪು ಉಣ್ಣೆನೂಲುಗಳ ಜೊತೆ ನಾರುಬಟ್ಟೆಗೇ ಹೆಣೆದರು. ಉಣ್ಣೆಯನ್ನೂ ನಾರುನೂಲನ್ನೂ ಬೆರೆಸಿ ತೊಡಬಾರದೆಂದು ಜನಕ್ಕೆಲ್ಲ ಕಟ್ಟುನಿಟ್ಟಾಗಿ ಹೇಳಿದ ಧರ್ಮಶಾಸ್ತ್ರ, ಯಾಜಕನಿಗೆ ಅದೇ ಬೆರಕೆಯನ್ನು ಉಡಿಸಿತು! ಹೆಗಲ ಮೇಲಿನ ಎರಡು ರತ್ನಗಳಲ್ಲಿ ಆರಾರು ಕುಲಗಳ ಹೆಸರು. ಗೇಣುದ್ದ ಗೇಣಗಲದ ಎದೆಪದಕದಲ್ಲಿ ಹನ್ನೆರಡು ರತ್ನ, ಒಂದೊಂದರ ಮೇಲೆ ಒಂದೊಂದು ಕುಲದ ಹೆಸರು. ಗುಡಿಯ ಒಳಗೆ ಹೆಜ್ಜೆಯಿಡುವವನು ಒಬ್ಬನೇ, ಆದರೆ ಅವನ ಹೆಗಲೇರಿ, ಎದೆಗೊತ್ತಿಕೊಂಡು ಹೋಗುವುದು ಇಡೀ ಜನಾಂಗ. ಈ ಉಡುಪಿನ ಮರ್ಮವೆಲ್ಲ ಇಲ್ಲೇ ಇದೆ ಎನ್ನಿಸುತ್ತದೆ ನನಗೆ.

ಇಷ್ಟೆಲ್ಲ ತೊಡಿಸಿ ಮಾಡುವುದೇನು? ವರ್ಷಕ್ಕೊಮ್ಮೆ, ದೋಷಪರಿಹಾರದ ದಿನ, ಗುಡಿಯ ಒಳಗಿನ ಮಹಾಪವಿತ್ರ ಸ್ಥಾನಕ್ಕೆ ಹೋಗುವಾಗ ಎಲ್ಲವನ್ನೂ ಕಳಚುವುದು! ಚಿನ್ನವಿಲ್ಲ, ರತ್ನವಿಲ್ಲ, ಗೆಜ್ಜೆಯೂ ಇಲ್ಲ. ಮೈಮೇಲೆ ಸಾದಾ ನಾರುಬಟ್ಟೆ. ಹಿಂದೆ ಜನ ಚಿನ್ನದ ಕರುವನ್ನು ಪೂಜಿಸಿದ ಪಾಪ ನೆನಪಿಸುವ ಚಿನ್ನ, ಕ್ಷಮೆ ಬೇಡುವ ಹೊತ್ತಿನಲ್ಲಿ ಯಾಕೆ ಎಂದು ರಬ್ಬಿಗಳು ಕೇಳಿದರು.

ಈ ಬಟ್ಟೆಯ ಬಲ ರೋಮನ್ನರಿಗೂ ಅರ್ಥವಾಗಿತ್ತು. ಮಹಾಯಾಜಕನ ಉಡುಪನ್ನು ಅವರು ಜೆರುಸಲೇಮಿನ ದೇವಾಲಯದ ಪಕ್ಕದ ಅಂತೋನಿಯಾ ಕೋಟೆಯಲ್ಲಿ ಬೀಗ ಹಾಕಿ ಇಟ್ಟಿದ್ದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹಬ್ಬಕ್ಕೆ ಏಳು ದಿನ ಮುಂಚೆ ಬಿಡುಗಡೆ, ಆಮೇಲೆ ಮತ್ತೆ ಒಳಗೆ! ಕ್ರಿ.ಶ. 36ರ ಸುಮಾರಿಗೆ ಸಿರಿಯಾದ ರಾಜ್ಯಪಾಲ ವಿಟೆಲಿಯಸ್ ಜೆರುಸಲೇಮಿಗೆ ಬಂದಾಗಲೇ ಅದು ಯಾಜಕರ ಕೈಗೆ ಮರಳಿದ್ದು.