ಬೆನ್ನಿಗೆ ಬಿದ್ದ ಮುದ್ರೆ

ಸ್ನಾನ ಮುಗಿಸಿ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಮನೆಯವಳು ನೋಡಿಬಿಟ್ಟಳು. ‘ಏಕಾದಶಿ ಇನ್ನೂ ಬಂದಿಲ್ಲ, ಆಗಲೇ ಮುದ್ರೆ ಹಾಕಿಸ್ಕೊಂಡ್ರಾ? ಅದೂ ಬೆನ್ನಿಗೆ!’ ಆಷಾಢದಲ್ಲಿ ಮಠದ ಮುಂದೆ ಸಾಲಿನಲ್ಲಿ ನಿಂತು ಮುದ್ರೆ ಹಾಕಿಸಿಕೊಳ್ಳುವ ಮನೆತನ ಅವಳದು. ನನ್ನ ಬೆನ್ನಿನ ಮೇಲಿದ್ದದ್ದು ಆರು ದುಂಡನೆಯ ಗುರುತು. ಅಂಚು ಕೆಂಪು, ನಡುವೆ ನೇರಳೆ ಹಣ್ಣಿನ ಬಣ್ಣ. ಮೂರು ವಾರದಿಂದ ಹಿಡಿದುಕೊಂಡಿದ್ದ ಬಲ ಹೆಗಲಿಗೆ ಬಡಾವಣೆಯ ಫಿಸಿಯೋಥೆರಪಿಸ್ಟ್ ಹಿಂದಿನ ಸಂಜೆ ಗಾಳಿ ಎಳೆದು ಮೈಗೆ ಕಚ್ಚಿಸುವ ಕಪ್ ಹಾಕಿದ್ದರು.

ಇಂಥ ಗುರುತುಗಳನ್ನು ಲೋಕವೆಲ್ಲ ಟಿ.ವಿ.ಯಲ್ಲಿ ಕಂಡದ್ದು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ. ವಿದ್ಯೆ ಮಾತ್ರ ಬಹಳ ಹಳೆಯದು. ರಕ್ತ ತೆಗೆಯುವುದಕ್ಕೆ ಸುಶ್ರುತ ಸಂಹಿತೆ ಹೇಳುವ ಸಾಧನಗಳಲ್ಲಿ ಜಿಗಣೆಯ ಜೊತೆಗೆ ಕೊಂಬೂ ಇದೆ, ಸೋರೆ ಬುರುಡೆಯೂ ಇದೆ. ಕೊಂಬಾದರೆ ತುದಿಗೆ ಬಾಯಿಟ್ಟು ಗಾಳಿ ಹೀರಬೇಕು. ಬುರುಡೆಯಾದರೆ ಒಳಗೆ ದೀಪವಿಟ್ಟು ಮೈಮೇಲೆ ಕವುಚಬೇಕು. ಯುನಾನಿಯವರು ಇದನ್ನು ಹಿಜಾಮ ಎನ್ನುತ್ತಾರೆ. ಬೆಂಗಳೂರಿನಲ್ಲೇ, ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಈ ಚಿಕಿತ್ಸೆ ಉಂಟು. ಯುರೋಪಿನವರೂ ಇದನ್ನು ಬಿಟ್ಟು ಬಹಳ ಕಾಲವಾಗಿಲ್ಲ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1929ರಲ್ಲಿ ಪ್ಯಾರಿಸ್ಸಿನ ಧರ್ಮಾಸ್ಪತ್ರೆಯೊಂದನ್ನು ಸೇರಿದಾಗ ಅವನಿಗೂ ಗಾಜಿನ ಬಟ್ಟಲು ಹಾಕಿದ್ದರು. ಕುದುರೆಗೆ ಮಾಡುವ ಚಿಕಿತ್ಸೆ ಇದು ಎಂದುಕೊಂಡಿದ್ದವನಿಗೆ ಆದ ದಿಗಿಲು ಅವನ ಪ್ರಬಂಧವೊಂದರಲ್ಲಿ ದಾಖಲಾಗಿದೆ.

ನನಗಾದದ್ದು ಅಷ್ಟು ಘೋರವಲ್ಲ. ಫಿಸಿಯೋಗಳು ಮಾಡುವುದು ಒಣ ಕಪ್ಪಿಂಗ್. ಚರ್ಮ ಗೀರುವುದಿಲ್ಲ, ರಕ್ತ ತೆಗೆಯುವುದಿಲ್ಲ, ಬೆಂಕಿಯೂ ಬೇಕಿಲ್ಲ. ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಸವರಿದರು. ನೆತ್ತಿಯಲ್ಲಿ ಪುಟ್ಟ ವಾಲ್ವ್ ಇರುವ ಪ್ಲಾಸ್ಟಿಕ್ ಕಪ್ಪು, ಅದಕ್ಕೆ ಸಿಕ್ಕಿಸುವ ಪಿಸ್ತೂಲಿನಂಥ ಕೈಪಂಪು. ಎರಡು ಸಲ ಎಳೆದದ್ದೇ ಚರ್ಮ ಇಡ್ಲಿಯ ಹಾಗೆ ಕಪ್ಪಿನೊಳಗೆ ಉಬ್ಬಿತು. (ನನಗೆ ಕಾಣುವಂತಿರಲಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು.) ‘ಎಳೆತ ಜಾಸ್ತಿ ಅನ್ಸಿದ್ರೆ ತಕ್ಷಣ ಹೇಳಿ ಸರ್.’ ನೋವೇನಿರಲಿಲ್ಲ. ಯಾರೋ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು ಮೇಲೆತ್ತಿದ ಹಾಗಿತ್ತು. ಒಂದು ಕಪ್ಪನ್ನು ಹಾಗೆಯೇ ಹೆಗಲಿಂದ ಕತ್ತಿನವರೆಗೆ ಜಾರಿಸಿದರು. ಬಿಗಿದುಕೊಂಡಿದ್ದ ಜಾಗಕ್ಕೆ ಬಂದಾಗ ಜೀವ ಚುರ್ರೆಂದಿತು. ಆಮೇಲೆ ಕಪ್ಪು ಕಚ್ಚಿಕೊಂಡಿರುವಾಗಲೇ ತೋಳನ್ನು ಎತ್ತಿ ಇಳಿಸಿ ಎಂದರು. ಎಂಟು ನಿಮಿಷಕ್ಕೆ ವಾಲ್ವ್ ಎಳೆದರೆ ಟುಸ್ಸೆಂದು ಗಾಳಿ ತುಂಬಿ ಒಂದೊಂದೇ ಕಳಚಿಕೊಂಡವು.

ಮಸಾಜಿನಲ್ಲಿ ಮಾಂಸಖಂಡವನ್ನು ಒತ್ತುತ್ತಾರೆ, ಇಲ್ಲಿ ಎಳೆಯುತ್ತಾರೆ. ಒಳಗೆ ಗಾಳಿಯ ಒತ್ತಡ ಕಡಿಮೆಯಾಗಿ ಚರ್ಮ, ಅದರಡಿಯ ಪದರ ಮೇಲೆದ್ದು ಆ ಜಾಗಕ್ಕೆ ರಕ್ತ ನುಗ್ಗುತ್ತದೆ. ಕೂದಲೆಳೆಯಷ್ಟು ಸಣ್ಣ ನಾಳಗಳು ಒಡೆದು ಕಲೆಯಾಗುತ್ತದೆ. ಕಲೆ ಕಪ್ಪಗಿದ್ದಷ್ಟೂ ಮೈಯಲ್ಲಿನ ‘ಕೆಟ್ಟ ರಕ್ತ’, ವಿಷ ಹೊರಬಂತೆಂದು ಹೇಳಿ ದುಡ್ಡು ಕೀಳುವವರಿದ್ದಾರೆ. ಅದನ್ನೇ ಕೇಳಿದಾಗ ನಮ್ಮ ಫಿಸಿಯೋ ನಕ್ಕುಬಿಟ್ಟರು. ‘ಬಾಗಿಲಿಗೆ ತಾಗಿಸ್ಕೊಂಡ್ರೂ ಇದೇ ಬಣ್ಣ ಬರತ್ತೆ ಸರ್.’

ಹಾಗಾದರೆ ಉಪಯೋಗ? ಕತ್ತುನೋವು, ಸೊಂಟನೋವಿಗೆ ಸ್ವಲ್ಪ ಕಾಲದ ಮಟ್ಟಿಗೆ ಆರಾಮ ಸಿಗುತ್ತದೆಂದು ಅಧ್ಯಯನಗಳು ಹೇಳುತ್ತವೆ, ಆದರೆ ಅವುಗಳಲ್ಲಿ ಗಟ್ಟಿಯಾದವು ಕಡಿಮೆ. ಪರೀಕ್ಷೆಗೂ ತೊಡಕಿದೆ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು; ಕಪ್ ಹಾಕಿದರೋ ಇಲ್ಲವೋ ರೋಗಿಗೆ ಗೊತ್ತಾಗದೆ ಇರುತ್ತದೆಯೇ? ಅದಕ್ಕೆಂದೇ ಗಾಳಿ ಸೋರುವಂತೆ ತೂತು ಕೊರೆದ ನಕಲಿ ಕಪ್ಪುಗಳನ್ನು ಸಂಶೋಧಕರು ಮಾಡಿಕೊಂಡಿದ್ದಾರೆ. ಹೆಗಲು ಹಗುರಾದದ್ದು ನನಗಂತೂ ನಿಜ. ಮೂರನೇ ದಿನಕ್ಕೆ ಬಿಗಿತ ಮತ್ತೆ ಇಣುಕಿದ್ದೂ ನಿಜ. ಫಿಸಿಯೋ ಅದನ್ನು ಮೊದಲೇ ಹೇಳಿದ್ದರು: ಕಪ್ಪಿನ ಕೆಲಸ ನೋವು ತಗ್ಗಿಸಿ ತೋಳೆತ್ತಲು ಬಿಡುವುದಷ್ಟೇ, ಆ ಬಿಡುವಿನಲ್ಲಿ ವ್ಯಾಯಾಮ ಮಾಡಬೇಕಾದವರು ನೀವು. ಚೀಟಿಯಲ್ಲಿ ನಾಲ್ಕು ವ್ಯಾಯಾಮ ಬರೆದುಕೊಟ್ಟರು. ಹೆಗಲು ಸರಿಹೋದದ್ದು ಅವುಗಳಿಂದ ಎಂದೇ ನನ್ನ ಲೆಕ್ಕ. ಬರೀ ಕಪ್ ಹಾಕಿ ಕಳಿಸುವ ಕಡೆಗೆ ನಾನಾದರೆ ಎರಡನೇ ಸಲ ಹೋಗುವುದಿಲ್ಲ.

ಗುರುತು ಮಾಸಲು ವಾರ, ಹತ್ತು ದಿನ ಹಿಡಿಯುತ್ತದೆ. ಮನೆಯಲ್ಲಿ ಮದುವೆ ಇದ್ದು ಹಿಂಭಾಗ ತೆರೆದ ರವಿಕೆ ಹೊಲಿಸಿದ್ದರೆ ಕಪ್ಪಿಂಗನ್ನು ಮುಂದಕ್ಕೆ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಗಾಯ, ಕಜ್ಜಿ, ಉಬ್ಬಿದ ನರ ಇರುವ ಕಡೆ ಕಪ್ ಹಾಕಬಾರದು. ಮಂಚದ ಮೇಲೆ ಬೋರಲು ಮಲಗುವ ಮುನ್ನವೇ ಇದನ್ನೆಲ್ಲ ಹೇಳಿಬಿಡಿ.