ಮನೆಮಂದಿಯ ಪ್ರವಾಸ: ರೋಣ, ಗಜೇಂದ್ರಗಡ, ನರಗುಂದಗಳ ದಾರಿಯಲ್ಲಿ

ಸುಗ್ಗಿ ಸಮೀಪಿಸಿತೆಂದರೆ ಪರಿಚಿತ ಭಕ್ತರ ಮನೆಗಳಿಂದ ನಮಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ಮೊಮ್ಮಕ್ಕಳೊಡನೆ ರಜೆಗೆ ಬರುವವರಿದ್ದಾರೆ. ಮನೆಮಂದಿಯೆಲ್ಲ ಕೂಡಿ ಎರಡು ದಿನ ವಾಹನ ಮಾಡಿಕೊಂಡು ಎತ್ತ ಹೋದರೆ ಒಳಿತು ಎಂಬುದೇ ಆ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಗೋವೆಯ ಕಡಲೋ ಊಟಿಯ ಬೆಟ್ಟವೋ ಇರುತ್ತದೆ. ನಮ್ಮ ಉತ್ತರ ಮಾತ್ರ ಯಾವಾಗಲೂ ಒಂದೇ: ರೋಣ, ಗಜೇಂದ್ರಗಡ, ನರಗುಂದಗಳ ಎರೆಸೀಮೆಯಲ್ಲಿ ಒಮ್ಮೆ ಸಾವಕಾಶವಾಗಿ ಸಂಚರಿಸಿ ಬನ್ನಿರಿ. ಅಲ್ಲಿ ಕಡಲಿಲ್ಲ, ಹಿಮವಿಲ್ಲ. ಆದರೆ ಮಾರ್ಗಶಿರ-ಪುಷ್ಯ ಮಾಸಗಳಲ್ಲಿ ದಿಗಂತದವರೆಗೆ ತೆನೆ ಹೊತ್ತು ನಿಲ್ಲುವ ಬಿಳಿಜೋಳವುಂಟು, ಕಡಲೆಯ ಹೊಲವುಂಟು, ಅಂಚಿನಲ್ಲಿ ಹಳದಿ ಹೂವಿನ ಕುಸುಬೆಯುಂಟು. ಎಲ್ಲಕ್ಕೂ ಮಿಗಿಲಾಗಿ, ನಮ್ಮ ಎಷ್ಟೋ ಕುಟುಂಬಗಳ ಬೇರು ಆ ಮಣ್ಣಿನಲ್ಲಿಯೇ ಉಂಟು.

ನಮ್ಮ ಧರ್ಮಕ್ಕೆ ಸಂಚಾರವೆಂಬುದು ಹೊಸದಲ್ಲ. ಅಲ್ಲಮಪ್ರಭುದೇವರು ಕಲ್ಯಾಣವನ್ನು ಸೇರುವ ಮುನ್ನ ನಾಡನ್ನು ಸುತ್ತಿ ಗೊಗ್ಗಯ್ಯ, ಮುಕ್ತಾಯಕ್ಕ, ಸಿದ್ಧರಾಮರೇ ಮೊದಲಾದವರನ್ನು ಕಂಡು ಸಂವಾದಿಸಿದ ಕಥೆಯನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಆ ಸಂಚಾರದ ಸ್ವಾರಸ್ಯವಿರುವುದು ನೋಡಿದ ಸ್ಥಳಗಳಲ್ಲಲ್ಲ, ಭೇಟಿಯಾದ ಮನುಷ್ಯರಲ್ಲಿ. ಈ ಮಾತನ್ನು ನಾವು ನೂರು ಸಲ ಪ್ರವಚನದಲ್ಲಿ ಹೇಳಿದ್ದೇವೆ. ಹೇಳಿಯೂ ಒಮ್ಮೆ ಮರೆತೆವು. ಅದನ್ನು ಮುಂದೆ ನಿವೇದಿಸುತ್ತೇವೆ. ಮೊದಲು ದಾರಿಯನ್ನು ತಿಳಿಸೋಣ.

ಕಾಲ ಯಾವುದು?

ಸೀಗಿಹುಣ್ಣಿಮೆಯಿಂದ ಶಿವರಾತ್ರಿಯವರೆಗಿನ ಅವಧಿಯೇ ಪ್ರಶಸ್ತ. ಅದರಲ್ಲಿಯೂ ಎಳ್ಳಮಾವಾಸ್ಯೆಯ ಆಸುಪಾಸು ಅತ್ಯುತ್ತಮ. ಆಗ ಒಕ್ಕಲು ಮನೆತನಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂತಾಯಿಗೆ ನೈವೇದ್ಯ ಸಲ್ಲಿಸಿ ಉಣ್ಣುತ್ತವೆ. ತುಸು ದಿನ ಕಳೆದರೆ ಎಳೆಯ ಜೋಳದ ತೆನೆಯನ್ನು ಸುಟ್ಟು ತಿಕ್ಕಿದ ಸೀತನಿಯೂ ದೊರೆಯುತ್ತದೆ. ಪೊಟ್ಟಣದ ತಿಂಡಿಯನ್ನಷ್ಟೇ ಬಲ್ಲ ಮಕ್ಕಳಿಗೆ ಅದರ ರುಚಿಯನ್ನು ಒಮ್ಮೆ ತೋರಿಸಿರಿ.

ಮಳೆಗಾಲದಲ್ಲಿ ಹೋಗದಿರುವುದು ಲೇಸು. ಎರೆಮಣ್ಣು ಹಸಿಯಾದರೆ ಒಳದಾರಿಗಳಲ್ಲಿ ಗಾಲಿಗೆ ಮೆತ್ತಿ ವಾಹನವನ್ನು ಹಿಡಿದು ನಿಲ್ಲಿಸುತ್ತದೆ. ಬೆಣ್ಣೆಹಳ್ಳವೂ ಮಲಪ್ರಭೆಯೂ ತುಂಬಿ ಬಂದಾಗ ಸೇತುವೆಗಳ ಮೇಲೆ ನೀರು ಹರಿದು ಸಂಪರ್ಕ ಕಡಿಯುವುದುಂಟು. ಚೈತ್ರ, ವೈಶಾಖಗಳ ಬಿಸಿಲನ್ನು ವೃದ್ಧರೂ ಶಿಶುಗಳೂ ತಾಳಲಾರರು.

ಮೊದಲ ದಿನ

ಗದಗಿನಿಂದ ಬೆಳಗಿನಲ್ಲಿಯೇ ಹೊರಡಬೇಕು. ಹಿರಿಯರು ಇಷ್ಟಲಿಂಗಪೂಜೆಯನ್ನು ಪೂರೈಸಿಕೊಳ್ಳುವಷ್ಟು ವ್ಯವಧಾನವನ್ನು ಕೊಟ್ಟೇ ಹೊರಡುವ ವೇಳೆಯನ್ನು ಗೊತ್ತುಮಾಡಿರಿ. ಅವರನ್ನು ಅವಸರಪಡಿಸಿ ಆರಂಭಿಸಿದ ಪ್ರವಾಸ ದಿನವಿಡೀ ಅವಸರದಲ್ಲಿಯೇ ಸಾಗುತ್ತದೆ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಾಗೂ ಅಗಸಿಯ ಹಿಂಡಿ, ಗಟ್ಟಿ ಮೊಸರು, ಸಾಕಷ್ಟು ಕುಡಿಯುವ ನೀರು ಇರಲಿ.

ಮೊದಲು ನರೇಗಲ್ಲು. ಇಲ್ಲಿಯ ಬಸದಿ ಹತ್ತನೆಯ ಶತಮಾನದ್ದು. ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದುದೆಂದು ಶಾಸನ ತಿಳಿಸುತ್ತದೆ. ಸಮೀಪದಲ್ಲಿಯೇ ಹಾಲಕೆರೆಯ ಅನ್ನದಾನೇಶ್ವರ ಮಠವಿದೆ. ದಾಸೋಹಕ್ಕೂ ವಿದ್ಯಾದಾನಕ್ಕೂ ಈ ಸೀಮೆಯಲ್ಲಿ ಹೆಸರಾದ ಮಠವದು. ಅಲ್ಲಿ ಪ್ರಸಾದ ಸ್ವೀಕರಿಸುವುದಾದರೆ ಎಷ್ಟು ಮಂದಿ ಬರುತ್ತೀರೆಂಬುದನ್ನು ಮುಂಚಿತವಾಗಿ ತಿಳಿಸುವುದು ಸೌಜನ್ಯ. ಉಂಡು ಕೈತೊಳೆದು ಹೊರಡದೆ ಮಕ್ಕಳ ಕೈಯಿಂದ ಒಂದಿಷ್ಟು ಸೇವೆ ಮಾಡಿಸಿರಿ. ದಾಸೋಹವೆಂದರೇನೆಂದು ಬೇರೆ ಉಪದೇಶ ಬೇಕಾಗುವುದಿಲ್ಲ.

ಅಲ್ಲಿಂದ ಈಶಾನ್ಯಕ್ಕೆ ಗಜೇಂದ್ರಗಡ. ಸಮತಟ್ಟಾದ ಎರೆಭೂಮಿಯಲ್ಲಿ ಬೆಟ್ಟದ ಸಾಲು ಎದ್ದು ನಿಂತಿದೆ. ಈಗ ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. 1787ರಲ್ಲಿ ಟಿಪ್ಪುಸುಲ್ತಾನನಿಗೂ ಮರಾಠರಿಗೂ ಒಪ್ಪಂದವಾದುದು ಇದೇ ಊರಿನಲ್ಲಿ. ಬೆಟ್ಟದ ಕಡಿದಾದ ಬಂಡೆಯನ್ನು ಆಶ್ರಯಿಸಿ ಕಾಲಕಾಲೇಶ್ವರನ ಗುಡಿಯಿದೆ. ದಕ್ಷಿಣ ಕಾಶಿಯೆಂದು ಜನ ಕರೆಯುತ್ತಾರೆ. ಅಲ್ಲಿಯ ಅಂತರಗಂಗೆಯ ನೀರು ಬೇಸಿಗೆಯಲ್ಲಿಯೂ ಬತ್ತದೆಂಬ ಖ್ಯಾತಿಯುಂಟು. ಈ ಸೀಮೆಯಲ್ಲಿ ಕಳಕಪ್ಪ, ಕಳಕವ್ವ ಎಂಬ ಹೆಸರುಗಳು ಮನೆಮನೆಯಲ್ಲಿ ಏಕಿವೆಯೆಂಬುದು ಮಕ್ಕಳಿಗೆ ಇಲ್ಲಿ ತಿಳಿಯುತ್ತದೆ. ಮೆಟ್ಟಿಲುಗಳಿರುವುದರಿಂದ ಮೊಣಕಾಲು ನೋವಿನವರನ್ನು ಬಲವಂತವಾಗಿ ಹತ್ತಿಸಬಾರದು. ಅವರೊಡನೆ ಒಬ್ಬರು ಕೆಳಗೆ ನೆರಳಿನಲ್ಲಿ ಕುಳಿತಿರಬೇಕು. ಊರಿನ ನೇಕಾರರು ನೇಯುವ ಪಟ್ಟೇದಂಚಿನ ಹತ್ತಿಸೀರೆ ಹೆಣ್ಣುಮಕ್ಕಳು ನೋಡತಕ್ಕದ್ದು, ಕೊಳ್ಳತಕ್ಕದ್ದು.

ಇಲ್ಲೊಂದು ಎಚ್ಚರಿಕೆ. ಗಜೇಂದ್ರಗಡದ ಆಸುಪಾಸಿನಲ್ಲಿ ಇಟಗಿಯೆಂದರೆ ಭೀಮಾಂಬಿಕೆಯ ಇಟಗಿ. ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಇಟಗಿ ಬೇರೆ. ಅದು ಕೊಪ್ಪಳ ಜಿಲ್ಲೆಗೆ ಸೇರಿದುದು. ಹೆಸರೊಂದನ್ನೇ ಕೇಳಿ ದಾರಿ ಹಿಡಿದವರು ಒಂದರ ಬದಲು ಇನ್ನೊಂದಕ್ಕೆ ಹೋಗುವುದುಂಟು. ಮೊಬೈಲಿನ ನಕ್ಷೆಯನ್ನು ನಂಬುವವರು ಜಿಲ್ಲೆಯ ಹೆಸರನ್ನೂ ಸೇರಿಸಿ ಹುಡುಕಬೇಕು.

ಸಂಜೆಯ ಹೊತ್ತಿಗೆ ಸೂಡಿ. ಒಂದಕ್ಕೊಂದು ಎದುರಾಗಿ ನಿಂತ ಎರಡು ಶಿಖರಗಳ ಜೋಡುಕಳಸದ ಗುಡಿ, ಮಲ್ಲಿಕಾರ್ಜುನನ ಗುಡಿ, ಮಂಟಪದಲ್ಲಿರುವ ಬೃಹತ್ ಗಣಪತಿ, ಮೆಟ್ಟಿಲುಗಳಿಂದ ಇಳಿಯುವ ನಾಗಕುಂಡ, ಇವೆಲ್ಲ ಒಂದೇ ಗ್ರಾಮದಲ್ಲಿವೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳು. ಸೂಡಿ ಆ ನಾಡಿನ ಪ್ರಮುಖ ಪಟ್ಟಣವಾಗಿದ್ದಿತು. ರಾಜ್ಯವಾಳಿ, ದಂಡಯಾತ್ರೆಯನ್ನೂ ಕೈಕೊಂಡ ಆ ಹೆಣ್ಣುಮಗಳ ಕಥೆಯನ್ನು ಕುಂಡದ ಮೆಟ್ಟಿಲ ಮೇಲೆ ಕುಳಿತು ಮೊಮ್ಮಕ್ಕಳಿಗೆ ಹೇಳಿರಿ. ರಾತ್ರಿಗೆ ರೋಣವನ್ನು ಸೇರಿ ವಿಶ್ರಮಿಸಬಹುದು.

ಎರಡನೆಯ ದಿನ

ರೋಣದಲ್ಲಿರುವ ಚಾಲುಕ್ಯರ ಕಾಲದ ಗುಡಿಗಳನ್ನು ಬೆಳಗಿನ ತಂಪಿನಲ್ಲಿ ನೋಡಿ ಪಶ್ಚಿಮಕ್ಕೆ ತಿರುಗಿದರೆ, ಬೆಣ್ಣೆಹಳ್ಳವನ್ನು ದಾಟಿ ನರಗುಂದದ ದಾರಿ. ಬಯಲಿನ ನಡುವೆ ಕೆಂಪಗಿನ ಗುಡ್ಡ ಬಹುದೂರದಿಂದಲೇ ಕಾಣಿಸುತ್ತದೆ. ಬ್ರಿಟಿಷರು ದತ್ತುಸ್ವೀಕಾರಕ್ಕೆ ಒಪ್ಪದಿದ್ದಾಗ 1858ರಲ್ಲಿ ಬಂಡೆದ್ದು, ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ ಭಾಸ್ಕರರಾವ ಭಾವೆಯವರ ಊರಿದು. ಬಳಿಕ 1980ರ ಜುಲೈ 21ರಂದು, ಮಲಪ್ರಭೆ ನೀರಾವರಿಯ ಕರಭಾರವನ್ನು ವಿರೋಧಿಸಿ ನಡೆದ ರೈತಚಳವಳಿಯಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗೋಲೀಬಾರಿಗೆ ಬಲಿಯಾದುದೂ ಇಲ್ಲಿಯೇ. ಪ್ರತಿವರ್ಷ ಆ ದಿನ ರೈತರು ಇಲ್ಲಿ ಸೇರಿ ಗೌರವ ಸಲ್ಲಿಸುತ್ತಾರೆ. ಹಸಿರು ಹೊಲವನ್ನು ಕಂಡು ಚೆಲುವೆಂದು ಹೊಗಳುವವರು ಆ ಹಸಿರಿನ ಬೆಲೆಯನ್ನೂ ತಿಳಿದಿರಬೇಕು.

ನರಗುಂದ ತಾಲೂಕಿನ ಶಿರೋಳದಲ್ಲಿ ತೋಂಟದಾರ್ಯ ಮಠವಿದೆ. ಅಲ್ಲಿಯ ರೊಟ್ಟಿಜಾತ್ರೆ ಪ್ರಸಿದ್ಧವಾದುದು. ಜಾತಿಮತಗಳೆನ್ನದೆ ಮನೆಮನೆಯಿಂದ ಬಂದ ಜೋಳದ ರೊಟ್ಟಿಯನ್ನು ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಕರಿಹಿಂಡಿಯೊಡನೆ ಉಣ್ಣುವ ಜಾತ್ರೆಯದು. ನಿಮ್ಮ ಪ್ರವಾಸದ ದಿನಗಳು ಜಾತ್ರೆಯ ದಿನಗಳೊಡನೆ ಕೂಡಿಬಂದರೆ ಅದು ಭಾಗ್ಯವೆಂದೇ ತಿಳಿಯಿರಿ.

ನಾವು ಮಾಡಿದ ತಪ್ಪು

ಇಷ್ಟು ಹೇಳಿದ ಮೇಲೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2019ರ ಜನವರಿಯಲ್ಲಿ ನಮ್ಮ ಅಣ್ಣನವರ ಮನೆಮಂದಿಯನ್ನು ಇದೇ ದಾರಿಯಲ್ಲಿ ಕರೆದೊಯ್ದಿದ್ದೆವು. ಯೋಜನೆ ಮಾಡಿದವರು ನಾವೇ. ಎರಡು ದಿನಕ್ಕೆ ಹನ್ನೊಂದು ಸ್ಥಳಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಎದುರಿಗೆ ಗಂಟೆ ನಿಮಿಷಗಳನ್ನು ನಮೂದಿಸಿದ್ದೆವು. ನರೇಗಲ್ಲಿನಲ್ಲಿ ಪದ್ಮಬ್ಬರಸಿಯನ್ನೂ ಸೂಡಿಯಲ್ಲಿ ಅಕ್ಕಾದೇವಿಯನ್ನೂ ಕುರಿತು ದೀರ್ಘವಾಗಿ ಮಾತನಾಡಿದೆವು. ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿಗೆಯವರು ಹಿಂದಿನ ಆಸನದಲ್ಲಿ ಸುಮ್ಮನೆ ಕುಳಿತು ಕೇಳಿದರು. ಗಜೇಂದ್ರಗಡದಲ್ಲಿ ಒಂದು ಪಟ್ಟೇದಂಚಿನ ಸೀರೆ ಕೊಂಡರು. ಯಾರಿಗೆಂದು ನಾವು ಕೇಳಲಿಲ್ಲ.

ಎರಡನೆಯ ದಿನ ರೋಣದಿಂದ ನರಗುಂದಕ್ಕೆ ಹೋಗುವಾಗ ಒಂದು ಕವಲುದಾರಿ ಬಂದಿತು. ಅವರು ಮುಂದಕ್ಕೆ ಬಾಗಿ ಮೆಲ್ಲಗೆ, “ತಮ್ಮಾ, ಇಲ್ಲೇ ಒಳಗ ಹೋದ್ರ ನಮ್ಮ ತವರೂರು. ಒಂದ್ ಗಳಿಗಿ ನಿಂತು ಹೋಗೂಣಲ್ಲ?” ಎಂದರು.

ನಾವು ಗಡಿಯಾರ ನೋಡಿದೆವು. “ಅತ್ತಿಗೆವ್ವ, ಹೊತ್ತಾತರಿ, ಮುಂದಿನ ಸಲ ನಿಮ್ಮೂರಿಗಂತನ ಬರೂಣು” ಎಂದೆವು. ಅವರು “ಆತಪಾ” ಎಂದು ಹಿಂದಕ್ಕೆ ಒರಗಿದರು. ಮತ್ತೆ ಆ ಮಾತೆತ್ತಲಿಲ್ಲ. ಹನ್ನೊಂದು ಸ್ಥಳಗಳನ್ನೂ ನಾವು ನೋಡಿ ಮುಗಿಸಿದೆವು.

ಆ ವರ್ಷದ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ಆ ಕಡೆಯ ದಾರಿಗಳೇ ಬಂದಾದವು. ದೀಪಾವಳಿಗೆ ಕರೆದೊಯ್ಯೋಣವೆಂದುಕೊಂಡೆವು. ಮಹಾನವಮಿಗೆ ಮೊದಲೇ ಅವರು ಲಿಂಗೈಕ್ಯರಾದರು. ಅವರ ಟ್ರಂಕಿನಲ್ಲಿ ಆ ಸೀರೆ ಮಡಿಕೆ ಬಿಚ್ಚದೆ ಇದ್ದಿತು. ತವರಿನಲ್ಲಿದ್ದ ತಮ್ಮನ ಹೆಂಡತಿಗೆಂದು ಕೊಂಡುದೆಂದು ಸೊಸೆ ಆಗ ಹೇಳಿದಳು.

ಸಾವಿರ ವರ್ಷದ ಹಿಂದಿನ ಹೆಣ್ಣುಮಕ್ಕಳ ಹೆಸರನ್ನು ಕಲ್ಲಿನಲ್ಲಿ ಓದಿ ಹೆಮ್ಮೆಪಟ್ಟ ನಮಗೆ, ಜೊತೆಯಲ್ಲಿಯೇ ಕುಳಿತ ಹೆಣ್ಣುಮಗಳ ಮಾತು ಕೇಳಿಸಲಿಲ್ಲ. ಮಠದಲ್ಲಿ ನಮಗೆ ಕಲಿಸಿದ ವಿದ್ಯೆ ಇದಕ್ಕಾಗಿ ಅಲ್ಲ.

ಮರುವರ್ಷ ಎಳ್ಳಮಾವಾಸ್ಯೆ ಕಳೆದ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಆ ಊರೊಂದಕ್ಕೇ ಹೋದೆವು. ನೋಡತಕ್ಕ ಗುಡಿಯಾಗಲಿ ಶಾಸನವಾಗಲಿ ಅಲ್ಲಿಲ್ಲ. ಮಣ್ಣಿನ ಮಾಳಿಗೆಯ ಮನೆ, ಬೇವಿನ ಮರ, ಕಟ್ಟೆ. ಸೀರೆಯನ್ನು ಕೊಟ್ಟೆವು. ಆ ತಾಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಎದ್ದು ಒಲೆ ಹೊತ್ತಿಸಿ ರೊಟ್ಟಿ ತಟ್ಟಲು ಕುಳಿತರು. ಚಿಕ್ಕ ಮೊಮ್ಮಗ ಅವರ ಮಗ್ಗುಲಿಗೆ ಕುಳಿತು, ತನ್ನ ಅಜ್ಜಿ ಚಿಕ್ಕವಳಿದ್ದಾಗ ಏನೇನು ಮಾಡುತ್ತಿದ್ದಳೆಂದು ಕೇಳಿದನು. ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ.

ಯೋಜನೆ ಹೀಗಿರಲಿ

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿದು. ಪ್ರವಾಸದ ಹಾಳೆಯನ್ನು ಬರೆಯುವ ಮೊದಲು ಮನೆಯ ಹಿರಿಯರನ್ನು, ಮುಖ್ಯವಾಗಿ ತಾಯಂದಿರನ್ನು, ಎಲ್ಲಿಗೆ ಹೋಗಬೇಕೆನಿಸುತ್ತದೆಂದು ಕೇಳಿರಿ. ಅವರು ತಾವಾಗಿ ಹೇಳಲಾರರು; ಎರಡು ಸಲ ಕೇಳಬೇಕು. ಅವರು ಹೇಳಿದ ಊರನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆಯಿರಿ. ಮಿಕ್ಕ ಗುಡಿ, ಬೆಟ್ಟಗಳನ್ನು ಅದರ ಸುತ್ತ ಹೊಂದಿಸಿರಿ. ದಿನಕ್ಕೆ ಮೂರು ಸ್ಥಳಗಳು ಸಾಕು. ಮಧ್ಯಾಹ್ನ ಎರಡು ತಾಸು ಏನನ್ನೂ ನಿಗದಿಪಡಿಸದೆ ಬಿಡಿರಿ. ಮರದ ನೆರಳು ಕಂಡಲ್ಲಿ ಬುತ್ತಿ ಬಿಚ್ಚಿರಿ. ಹೊಲದೊಳಗೆ ಇಳಿಯುವ ಮುನ್ನ ಒಡೆಯನನ್ನು ಕೇಳಿರಿ, ತೆನೆ ಮುರಿಯದಿರಿ. ಹಳ್ಳಿಯ ಕಟ್ಟೆಯ ಮೇಲೆ ಕುಳಿತವರನ್ನು “ಶರಣ್ರೀ” ಎಂದು ಮಾತನಾಡಿಸದೆ ಅವರ ಚಿತ್ರ ತೆಗೆಯದಿರಿ.

ಒಂದೆರಡು ಸ್ಥಳಗಳನ್ನು ನೋಡದೆಯೇ ಉಳಿಸಿ ಬನ್ನಿರಿ. ಮಲಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ ಪರಮೇಶ್ವರನ ಗುಡಿಯಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ದಾನವನ್ನು ತಿಳಿಸುವ ಶಾಸನವೂ ಆ ಊರಿನದು. ಅದು ಮುಂದಿನ ಸಲಕ್ಕಿರಲಿ. ಕಲ್ಲು ಕಾಯುತ್ತದೆ; ಮನೆಯ ಹಿರಿಯರ ವಿಷಯದಲ್ಲಿ ಆ ಭರವಸೆಯಿಲ್ಲ.

ಎಲ್ಲರ ಪಯಣವೂ ಸುಖಕರವಾಗಲಿ. ಶರಣು ಶರಣಾರ್ಥಿ.